ಸರ್ಕಾರದ ಗಿಡಕ್ಕೆ ಕಾವಲು

ಗುಡೂರು, ೧೯೮೬

ಹೊಳಬಸಣ್ಣಾ,

ಅವ್ವ ನಮ್ಮ ಹೊಲದಲ್ಲಿ ಬೆಳೆಸಿದ್ದ ಗಂಧದ ಗಿಡವನ್ನು ನೀನು ಕಿತ್ತೆಸೆದೆ. "ಯಾರ ಹೊಲದಾಗ ಬೆಳದ್ರೂ ಗಂಧ ಸರ್ಕಾರದ್ದು. ಕಳ್ಳರು ಕಡದ್ರ ಜೇಲಿಗೆ ನಾ ಹೋಗಬೇಕು" ಎಂದು ನನ್ನ ಮೇಲೇ ಹರಿಹಾಯ್ದೆ. ನಾನು ಅಂದೇ ಅದರ ಒಂದು ಎಳೆಯ ಟೊಂಗೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ನಾನು ಕೆಲಸ ಮಾಡುವ ಪ್ರಯೋಗಾಲಯಕ್ಕೆ ಒಯ್ದೆ. ನಿನ್ನೊಡನೆ ಮತ್ತೆ ಮಾತಾಡಲಿಲ್ಲ.

ಆ ಟೊಂಗೆಯ ಚೂರುಗಳಿಂದ ಗಾಜಿನ ಬಾಟಲಿಯೊಳಗೆ, ಬೀಜವೇ ಇಲ್ಲದೆ, ಸಸಿಯಾಗಬಲ್ಲ ನೂರಾರು ಭ್ರೂಣಗಳು ಮೂಡಿದವು. ಹಾಗೆ ಬೆಳೆದ ಒಂದು ಸಸಿಯನ್ನು ಇವತ್ತು ನಿನ್ನ ಸಮಾಧಿಯ ತಲೆದೆಸೆಗೆ ನೆಟ್ಟೆ. ಫಾರೆಸ್ಟ್ ಆಫೀಸಿನ ಲೆಕ್ಕದಲ್ಲಿ ಅದನ್ನು ಬರೆಸಿಯೂ ಬಂದೆ. ಇನ್ನು ಮೇಲೆ ಸರ್ಕಾರದ ಗಿಡಕ್ಕೆ ನೀನೇ ಕಾವಲು.

"ಅವರು ಬ್ಯಾಡ ಅಂತಿದ್ರಲ್ಲ?" ಅಂದರು ನಿನ್ನ ಹೆಂಡತಿ, ನನ್ನ ವೈನಿ.

"ಎದ್ದು ಬಂದು ಕೀಳ್ಲಿ, ನೋಡ್ತೇನಿ" ಅಂದೆ.

ಕತ್ತಲಾಗುವವರೆಗೂ ಅಲ್ಲೇ ಕೂತಿದ್ದೆ. ನೀನು ಏಳಲಿಲ್ಲ.