ನಿಮ್ಮ ಮನೆಯ ಮುಂದಿನ ಕಾರ್ಯ ಯಾವಾಗ?

ಮಳಗಿ,
೧೨-೫-೨೦೦೭, ಶನಿವಾರ

ಪ್ರೀತಿಯ ಅವ್ವಾ,

ನಿನ್ನ ಮಂಡಿನೋವು ಹೇಗಿದೆ? ದಾಂಡೇಲಿಯ ಮಿಲ್ ಕ್ವಾರ್ಟರ್ಸಿನ ಮೆಟ್ಟಿಲಲ್ಲಿ ಬಿಸಿನೀರು ಹೊತ್ತು ಓಡಾಡಬೇಡ, ಭಾವನಿಗೆ ಹೇಳು. ಬಾಣಂತಿ ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದಾಳೆಯೇ? ಕೂಸು ಯಾರ ಹಾಗಿದೆ? ಲಕ್ಷ್ಮೀ ಅಕ್ಕಾ, ನೀನೇ ಇದನ್ನು ಓದಿ ಹೇಳುವವಳು, ನಿನ್ನ ಸುದ್ದಿ ಬಂದಲ್ಲಿ ಹಾರಿಸಬೇಡ. ನಾನು ಚೆನ್ನಾಗಿದ್ದೇನೆ. ಎಮ್ಮೆ ಎರಡು ದಿನ ಮುನಿಸಿಕೊಂಡಿತ್ತು. ಈಗ ನಿನ್ನ ಹಳೇ ಸೀರೆ ಸುತ್ತಿಕೊಂಡು ಹೋದರೆ ಹಾಲು ಕೊಡುತ್ತದೆ.

ನಿಮ್ಮ ಮಹಿಳಾ ಸಂಘದ ಬಾಲವಾಡಿಯ ಸುದ್ದಿ ಹೇಳಬೇಕು. ಮಂಗಗಳು ಒಡೆದ ಹೆಂಚು ಹಾಗೇ ಇದೆ. ಮಕ್ಕಳು ಮರದ ಕೆಳಗೇ ಕೂಡುತ್ತಾರೆ, ಮಳೆಗೆ ಇನ್ನು ಮೂರೇ ವಾರ. ಮುಂಡಗೋಡಿನಲ್ಲಿ ನಾನು ಕೆಲಸಕ್ಕಿರುವ ಕಂಪ್ಯೂಟರ್ ಅಂಗಡಿಯಲ್ಲಿ ಬಾಲವಾಡಿಗೊಂದು ವೆಬ್‌ಸೈಟ್ ಮಾಡಿದ್ದೆನಲ್ಲ, ಅದಕ್ಕೆ ಈಗ ದೇಣಿಗೆಯ ಫಾರ್ಮ್ ಸೇರಿಸಿದ್ದೇನೆ. ಬಿ.ಎ.ಯಲ್ಲಿ ಬರೀ ಕಥೆ ಕವಿತೆ ಓದಿದವಳಿಗೆ ಅದೆಲ್ಲ ಹೇಗೆ ಬಂತು ಅನ್ನಬೇಡ. ಪುಟ ಪರದೆಯ ಮೇಲೆ ಸಾರಿಸಿದ ಅಂಗಳದ ಹಾಗೆ ಖಾಲಿ ಬಿದ್ದಿರುತ್ತದೆ. ಪಕ್ಕದಿಂದ ಒಂದು ಚೌಕವನ್ನು ಮೌಸಿನಲ್ಲಿ ಎಳೆದು ತಂದು ಬಿಟ್ಟರೆ ಅಲ್ಲೇ ಕೂತುಬಿಡುತ್ತದೆ. ಹೆಸರಿಗೊಂದು, ವಿಳಾಸಕ್ಕೊಂದು. ಮಧ್ಯಾಹ್ನ ಕರೆಂಟು ಇದ್ದಷ್ಟು ಹೊತ್ತೂ ಅದೇ ಕೆಲಸ. ಟಿಬೆಟನ್ ಕಾಲೊನಿಯ ಲಾಮಾಗಳು ಪಕ್ಕದ ಕಂಪ್ಯೂಟರಿನಲ್ಲಿ ಯಾವುದೋ ದೂರದೂರಿನವರ ಜೊತೆ ಮೆಲ್ಲಗೆ ಮಾತಾಡುತ್ತಿರುತ್ತಾರೆ, ಅವರ ವಸ್ತ್ರದ ಕೆಂಪು ನನ್ನ ಪರದೆಯ ಗಾಜಿನಲ್ಲಿ ತೇಲುತ್ತದೆ. ಆಗ ಆ ಚೌಕಗಳೆಲ್ಲ ಯಾರ ಯಾರದೋ ಮನೆಯ ಕಿಟಕಿಗಳಂತೆ ಕಂಡು, ಒಳಗಿಂದ ಯಾರು ಇಣುಕುತ್ತಾರೋ ಎಂದು ಕೆಲಸ ಮರೆತು ಕೂತಿರುತ್ತೇನೆ.

ಊರು ಬಿಡುವಾಗ ನೀನು ಬಸ್ಸಿನಿಂದ ತಲೆ ಹೊರಹಾಕಿ, ‘ತಿರುಗಿ ಮಾಡಾಕ ಆಗದ ಮುಯ್ಯಿ ಇಸಗೋಬ್ಯಾಡವಾ ತುಳಜಾ’ ಅಂದಿದ್ದೆ. ನಮ್ಮ ಕಾರ್ಯಕ್ಕೆ ಬಂದ ಮುಯ್ಯಿಯನ್ನು ಅವರ ಮನೆಯ ಕಾರ್ಯಕ್ಕೆ ಮರಳಿ ಒಯ್ಯದೆ ನೀನು ಎಂದೂ ಉಳಿದವಳಲ್ಲ. ಅದಕ್ಕೇ ಫಾರ್ಮಿನ ಕೊನೆಗೆ ಇನ್ನೊಂದು ಚೌಕ ಕೂಡಿಸಿದೆ: ‘ನಿಮ್ಮ ಮನೆಯ ಮುಂದಿನ ಕಾರ್ಯ ಯಾವುದು? ಯಾವಾಗ?’ ಅದನ್ನು ತುಂಬದೆ ಫಾರ್ಮ್ ಮುಂದೆ ಹೋಗದಂತೆ ಪಕ್ಕದಲ್ಲೊಂದು ಕೆಂಪು ಚುಕ್ಕೆ ಇಟ್ಟೆ. ಅಂಗಡಿಯ ಮಾಲಕ ದಿನೇಶ ನೋಡಿ, ‘ದೇಣಿಗಿ ಕೇಳಾಕತ್ತೀಯೇನವಾ, ಊಟಕ್ಕ ಕರೀರಿ ಅನ್ನಾಕತ್ತೀಯೇನ?’ ಎಂದು ನಕ್ಕ. ನಾಚಿಕೆಯಾಯಿತು, ಆದರೆ ಚೌಕ ಅಳಿಸಲಿಲ್ಲ. ಜನ ತುಂಬಿದರು ಅವ್ವಾ! ಹುಬ್ಬಳ್ಳಿಯವರೊಬ್ಬರು ಗೃಹಪ್ರವೇಶ, ಬೆಳಗಾವಿಯವರು ಬಸುರಿ ಮಗಳ ಕುಬುಸ ಎಂದು ತಾರೀಖಿನ ಸಮೇತ ಬರೆದರು. ಆಚೆಮನೆ ಶಿವಗಂಗವ್ವ ಅವರಿಗೆಲ್ಲ ಒಯ್ಯಲೆಂದು ಈಗಾಗಲೇ ಕೌದಿ ಹೊಲಿಯಲು ಕೂತಿದ್ದಾಳೆ.

ಕಳೆದ ವಾರ ಮೈಸೂರಿನ ಪುಟ್ಟತಾಯಮ್ಮ ಎಂಬ ನಿವೃತ್ತ ಶಿಕ್ಷಕಿ ಇಡೀ ಛಾವಣಿಗೆ ಸಾಕಾಗುವಷ್ಟು ಕೊಡುತ್ತೇನೆಂದು ತುಂಬಿದರು. ಅಂಚೆಯಲ್ಲಿ ಚೆಕ್ಕೂ ಬಂತು. ಕೊನೆಯ ಚೌಕದಲ್ಲಿ ಮಾತ್ರ ಹೀಗಿತ್ತು: ‘ಯಾವುದೂ ಇಲ್ಲ. ಒಬ್ಬಳೇ ಇದ್ದೇನೆ. ನಮ್ಮ ಮನೆಯ ಕೊನೆಯ ಕಾರ್ಯ ಯಜಮಾನರದ್ದು, ಅದೂ ಆಯಿತು. ಬರೆಯದೆ ಬಿಡುತ್ತಿಲ್ಲ ಈ ಫಾರ್ಮು, ಅದಕ್ಕೆ ಬರೆದೆ.’ ಓದಿದ ಮೇಲೆ ನಾನಿಟ್ಟ ಆ ಚುಕ್ಕೆಯನ್ನು ನೋಡಲಾಗಲಿಲ್ಲ, ಎದ್ದು ಬಾಗಿಲಲ್ಲಿ ನಿಂತೆ. ಸಂಘದಲ್ಲಿ ಹೇಳಿದಾಗ ಶಿವಗಂಗವ್ವ, ‘ತಿರುಗಿ ಒಯ್ಯೂಣು ಅಂದ್ರ ಅಲ್ಲಿ ಕಾರ್ಯನ ಇಲ್ಲಲ್ಲ! ಚೆಕ್ಕು ವಾಪಸ್ ಕಳಸು. ಮಾಲವ್ವ ಬಂದು ಕೇಳಿದ್ರ ನಾ ಏನ್ ಹೇಳ್ಲಿ ನಿಮ್ಮವ್ವಗ?’ ಅಂದಳು. ಮಕ್ಕಳ ತಾಯಂದಿರು ಮುಗಿಲು ನೋಡಿದರು. ಚೆಕ್ಕು ನನ್ನ ನಿಘಂಟಿನೊಳಗಿದೆ, ಬ್ಯಾಂಕಿಗೂ ಹೋಗಿಲ್ಲ, ಮೈಸೂರಿಗೂ ಹೋಗಿಲ್ಲ.

ಭಾವನಿಗೆ ನಮಸ್ಕಾರ. ಕೂಸಿನ ಅಂಗಾಲಿಗೊಂದು ಮುತ್ತು. ರಾತ್ರಿ ಮಲಗುವಾಗ ನಿನ್ನ ಮಂಡಿಗೆ ನಾನೇ ಎಣ್ಣೆ ತಿಕ್ಕುತ್ತಿದ್ದೇನೆ ಅಂದುಕೋ.

ನಿನ್ನ,
ತುಳಜಾ

ತಾ.ಕ.: ಅಕ್ಕಾ, ಇಷ್ಟನ್ನು ಅವ್ವನ ಪಕ್ಕಕ್ಕೆ ಕೂತು ಓದು. ಅವ್ವಾ, ನಿನ್ನ ಕೇಳದೆ ಒಂದು ಕೆಲಸ ಮಾಡಿದ್ದೇನೆ. ೨೭ಕ್ಕೆ ನಮ್ಮ ಕೂಸಿನ ತೊಟ್ಟಿಲ ಶಾಸ್ತ್ರಕ್ಕೆ ಬನ್ನಿ, ಅದನ್ನೇ ನಿಮ್ಮ ಮನೆಯ ಕಾರ್ಯ ಅಂದುಕೊಳ್ಳಿ ಎಂದು ಪುಟ್ಟತಾಯಮ್ಮನವರಿಗೆ ನಿನ್ನ ಹೆಸರಿನಲ್ಲಿ ಇ-ಮೇಲ್ ಬರೆದೆ. ಬರುತ್ತಾರಂತೆ. ‘ನನ್ನಂಥವಳು ತೊಟ್ಟಿಲ ಹತ್ತಿರ ನಿಲ್ಲಬಹುದೇ?’ ಎಂದು ಕೇಳಿದ್ದಾರೆ. ಶಿವಗಂಗವ್ವನಿಗೆ ಓದಿ ಹೇಳಿದೆ. ಹೊಲಿಯುತ್ತಿದ್ದ ಸಾಲು ಮುಗಿಸಿ ದಾರ ಕಡಿದಳು. ಆಮೇಲೆ, ‘ದಾಂಡೇಲಿಗೆ ನಾನೂ ಬರ್ತೇನಿ. ಆ ಮೈಸೂರ ಸಾಲಿ ಬಾಯಾರಿಗೆ ನಾನ ಉಡಿ ತುಂಬತೇನಿ. ಅವರಿಗೆ ತುಂಬಿ ಮಾಲವ್ವನ್ನ ಬಿಡಾಕ ಬರೂದಿಲ್ಲ, ಆಕಿಗೂ ತುಂಬತೇನಿ’ ಅಂದಳು. ಅಪ್ಪ ಹೋದ ಮೇಲೆ ನಿನಗೆ ಯಾರೂ ಉಡಿ ತುಂಬಿಲ್ಲ. ಒಪ್ಪಿಗೆಯಿದ್ದರೆ ಪತ್ರ ಮುಟ್ಟಿದ ದಿನವೇ ಅಂಗಡಿಗೆ ಫೋನು ಮಾಡು, ಚೆಕ್ಕು ಹಾಕಿ ಹೆಂಚಿಗೆ ಹೇಳುತ್ತೇನೆ. ಮತ್ತೆ, ಎಲ್ಲರ ಮನೆಯ ಕಾರ್ಯದಲ್ಲೂ ಮಾಡುವಂತೆ ಅಂದೂ ಅಡುಗೆಮನೆಯೊಳಗೆ ಹೋಗಿ ಕೂಡಬೇಡ, ಅವ್ವಾ.