ಬೆಟ್ಟದ ಕಥೆಯಲ್ಲಿ ಬಿಟ್ಟ ವರ್ಷ

ಸೆಬೆಸಿ ದ್ವೀಪ
14 ಜುಲೈ 2019

ಮುದ್ದಿನ ಮಗಳು ರುಸ್ಮಿನಾಗೆ,

ಅಪ್ಪನ ಸಲಾಂ. ನಿನ್ನ ಕಾಗದ ಬಂದು ತಿಂಗಳಾಯಿತು, ತಪ್ಪು ನನ್ನದೇ. ಆಮೇಲೆ ಫೋನಿನಲ್ಲಿ ನೀನು ನಾಲ್ಕು ಸಲ ಕೇಳಿದೆ, ನಾಲ್ಕು ಸಲವೂ ಮೀನಿನ ಸುದ್ದಿ ಹೇಳಿ ನುಣುಚಿಕೊಂಡೆ. ಫೋನ್ ಹಿಡಿದರೆ ನನಗೆ ತಮಾಷೆ ಬರುತ್ತದೆಯೇ ಹೊರತು ಮಾತು ಬರುವುದಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನೀನು ಕೇಳಿದ್ದೇನೂ ದೊಡ್ಡದಲ್ಲ. ಸೆಪ್ಟೆಂಬರಿನಲ್ಲಿ ನಿಕಾಹ್, ತಂದೆಯಾದ ನಾನು ವಲಿಯಾಗಿ ಕೂತು ವಹಿದೀನನ ಕೈ ಹಿಡಿದು ನಿನ್ನನ್ನು ಒಪ್ಪಿಸಬೇಕು, ನನ್ನ ಗುರುತಿನ ಚೀಟಿಯ ನಕಲು ಕಳಿಸಬೇಕು, ಅಷ್ಟೇ. ಹುಡುಗ ನನಗೆ ಒಪ್ಪಿಗೆ. "ಕಾರ್ಖಾನೇಲಿ ಶೂಗೆ ಅಂಟು ಹಚ್ಚೋನು, ಬಿಟ್ಟು ಹೋಗಲ್ಲ ಬಿಡಿ" ಎಂದು ನಿನ್ನ ಅಮ್ಮ ನಕ್ಕಳು.

ಇಲ್ಲಿ ಎಲ್ಲ ಕ್ಷೇಮ. ಡಿಸೆಂಬರಿನ ಅಲೆ ಮುರಿದ ದೋಣಿಗೆ ಹೊಸ ಹಲಗೆ ಬಡಿಸಿದ್ದೇನೆ. ಬೆಂಕಿಬೆಟ್ಟ ನೋಡುವ ಪ್ರವಾಸಿಗಳು ಮಾತ್ರ ಇಲ್ಲ. ಬೆಟ್ಟವೇ ಇಲ್ಲವಲ್ಲ, ಏನು ತೋರಿಸಲಿ? ಅಮ್ಮ ಈಗಲೂ ಅಕ್ಕಿ ತೊಳೆಯುವಾಗ ಆ ಕಡೆ ನೋಡಿ, ಸುಮ್ಮನೆ ಕೈಯಾಡಿಸುತ್ತ ನಿಲ್ಲುತ್ತಾಳೆ.

ಹೋದ ವಾರ ಬಾಂಡುಂಗ್‌ನಿಂದ ಒಬ್ಬಳು ಭೂವಿಜ್ಞಾನಿ ಬಂದಿದ್ದಳು, ನಿನ್ನದೇ ವಯಸ್ಸು. "ಮಾಮಾ, ಬೆಟ್ಟ ಅಂತೂ ಹೋಯ್ತು. ಅದು ಯಾವ್ಯಾವಾಗ ಸಿಡೀತು, ನೀವು ಕಂಡಿದ್ದು ಕೇಳಿದ್ದು ಒಂದೂ ಬಿಡದೆ ಹೇಳಿ" ಎಂದಳು. ಯಾರಾದರೂ ಹೀಗೆ ಕೇಳಿದರೆ ನಾನು ಉಬ್ಬುವವನು, ನಿನಗೆ ಗೊತ್ತಲ್ಲ. ಹೊತ್ತು ಮುಳುಗುವ ತನಕ ಹೇಳಿದೆ.

ತಾಯಿ ಬೆಟ್ಟ ಕ್ರಕಟೌ 1883ರಲ್ಲಿ ಸಿಡಿದು ಮುಳುಗಿದ ಜಾಗದಲ್ಲಿ 1927ರ ಕೊನೆಗೆ ಸಮುದ್ರ ಕುದಿಯಿತಂತೆ. ನಮ್ಮಜ್ಜ ಮೀನಿನ ಬಲೆ ಬಿಟ್ಟು ಓಡಿಬಂದು, "ನೀರು ಕಾದಿದೆ, ಯಾರಾದ್ರೂ ಅಕ್ಕಿ ತನ್ರೋ" ಎಂದು ಕೂಗಿದನಂತೆ. ಈ ಮಗು ಬೆಟ್ಟ ಮೂರು ಸಲ ತಲೆ ಎತ್ತಿತು, ಮೂರು ಸಲವೂ ಅಲೆ ಅದನ್ನು ತಿಂದುಹಾಕಿತು. ನಾಲ್ಕನೆಯ ಸಲ ನಿಂತಿತು. 1992ರ ನವೆಂಬರಿನಲ್ಲಿ ಕಲ್ಲೆಸೆಯಲು ಶುರುಮಾಡಿದ್ದು ವರ್ಷಗಟ್ಟಲೆ ಬಿಡಲಿಲ್ಲ. 2007ರಲ್ಲಿ ಪಕ್ಕೆಯಲ್ಲೊಂದು ಹೊಸ ಬಾಯಿ ತೆರೆಯಿತು. 2012ರಲ್ಲಿ ಕೆಂಡದ ಹೊಳೆ ಸಮುದ್ರಕ್ಕಿಳಿದು, ನಾವು ದೋಣಿ ಕಟ್ಟುತ್ತಿದ್ದ ಕಡೆಯೇ ಹೊಸ ನೆಲವಾಯಿತು. ಹೋದ ವರ್ಷದ ಜೂನಿನಲ್ಲಿ ಮತ್ತೆ ಎದ್ದಿತು, ಡಿಸೆಂಬರ್ ಇಪ್ಪತ್ತೆರಡರ ಶನಿವಾರ ಅರ್ಧಕ್ಕರ್ಧ ಜಾರಿ ನೀರಿಗೆ ಬಿತ್ತು. ಮುನ್ನೂರ ಮೂವತ್ತೆಂಟು ಮೀಟರ್ ಇದ್ದದ್ದು ಈಗ ನೂರ ಹತ್ತು ಎಂದು ಆ ಹುಡುಗಿಯೇ ಹೇಳಿದಳು. ನನ್ನ ಕಣ್ಣೆದುರು ಬೆಳೆದದ್ದು.

ಅವಳು ಹೋದ ಮೇಲೆ ಅಮ್ಮ ಬಾಳೆಕಾಯಿ ಕರಿಯುತ್ತಲೇ ಅಂದಳು:

"ಎಲ್ಲಾ ಹೇಳಿದ್ರಿ. ತೊಂಬತ್ಮೂರ್ನೇ ಇಸ್ವಿ ನುಂಗ್ಬಿಟ್ರಲ್ಲ."

"ಆ ಹುಡುಗಿಗ್ಯಾಕೆ ಅದು?"

"ಆ ಹುಡುಗಿಗ್ ಬೇಡ. ನಮ್ ಹುಡುಗಿಗೆ?"

"ನೀವೇ ಬರೀರಿ, ನನ್ ಕೈಲಾಗಲ್ಲ" ಎಂದು ಬಾಣಲೆ ಇಳಿಸಿದಳು.

ಹೊತ್ತಿಗೆ ಸರಿಯಾಗಿ ಉಣ್ಣು. ರಾತ್ರಿ ಪಾಳಿ ಇದ್ದ ದಿನ ಒಬ್ಬಳೇ ನಡೆದು ಬರಬೇಡ. ದೇವರು ನಿನಗೂ ವಹಿದೀನನಿಗೂ ನೆಮ್ಮದಿಯ ಮನೆ ಕೊಡಲಿ, ಆ ಮನೆಯಲ್ಲಿ ಜಗಳವೂ ಇರಲಿ, ನಗುವಷ್ಟು.

ನಿನ್ನ ಅಪ್ಪ,
ಸಪ್ರಾನಿ

ಮತ್ತೆ ಬರೆದದ್ದು: ರುಸ್, ಇದನ್ನು ಮೇಲೆಯೇ ಬರೆದಿದ್ದರೆ ಕಾಗದವನ್ನೇ ಹರಿದುಬಿಡುತ್ತಿದ್ದೆ.

1993ರ ಮಾರ್ಚಿನಲ್ಲಿ ನಾನೂ ಜಲಿಲನೂ ಬೆಟ್ಟದ ದಡಕ್ಕೆ ತೇಲಿಬಂದ ಮರ ತರಲು ಹೋದೆವು. ನಾವಿಬ್ಬರೂ ಒಂದೇ ದೋಣಿಯವರು. ಹೊಗೆ ನೋಡಿ ಬೆಟ್ಟದ ಮನಸ್ಸು ತಿಳಿಯುತ್ತೇನೆ ಎಂಬ ಜಂಬ ನನಗೆ. "ಇವತ್ತು ಮಲಗಿದೆ, ಇಳಿಯೋ" ಎಂದೆ. ಅವನು ಇಳಿದ, ನಾನು ದೋಣಿ ಹಿಡಿದು ನಿಂತೆ. ಎರಡನೆಯ ಮರ ಎಳೆಯುವಾಗ ಬೆಟ್ಟ ಎಸೆದ ಕಲ್ಲು ಬಡಿದು ಅಲ್ಲೇ ಹೋದ. ಅವನು ನಿನ್ನ ಅಮ್ಮನ ಗಂಡ. ನೀನು ಆಗ ಅವಳ ಹೊಟ್ಟೆಯಲ್ಲಿ ಐದು ತಿಂಗಳ ಕೂಸು. ನೀನು ಹುಟ್ಟಿ ಮೂರು ತಿಂಗಳಿಗೆ ನಾನು ಅವಳನ್ನು ಮದುವೆಯಾದೆ. ಮೊದಲು ಪಾಪಭೀತಿಯಿಂದ, ಆಮೇಲೆ ನಿಮ್ಮಿಬ್ಬರನ್ನು ಬಿಟ್ಟಿರಲಾರದೆ. ಶಾಲೆಗೆ ಸೇರಿಸುವಾಗ ತಂದೆಯ ಹೆಸರು ನನ್ನದು ಕೊಟ್ಟೆ, ನಿನ್ನ ಹುಟ್ಟಿದ ದಿನ ನಮ್ಮ ಮದುವೆಯ ನಂತರ ಬರಲೆಂದು ಒಂದು ವರ್ಷ ತಡಮಾಡಿ ಬರೆಸಿದೆ.

ಜಲಿಲನ ಅಣ್ಣ ಹಸ್ಬುಲ್ಲಾ ನಿನ್ನನ್ನು ನೋಡಲು ಎರಡು ಸಲ ಕಾಲಿಯಾಂಡದಿಂದ ದೋಣಿ ಹತ್ತಿ ಬಂದ. ಎರಡು ಸಲವೂ ಬಾಗಿಲಿನಿಂದಲೇ ಕಳಿಸಿದೆ. ಎಲ್ಲಿ ನಿನ್ನನ್ನು ತನಗೆ ಕೊಡು ಎಂದುಬಿಡುತ್ತಾನೋ ಎಂಬ ಹೆದರಿಕೆ. ಹೆತ್ತ ತಂದೆ ಇಲ್ಲದ ಮೇಲೆ ಧರ್ಮದ ಪ್ರಕಾರ ನಿನಗೆ ವಲಿ ದೊಡ್ಡಪ್ಪನಾದ ಅವನು, ಸಾಕಿದವನು ಆಗುವಂತಿಲ್ಲ. ಕಾಗದಪತ್ರ ನನ್ನ ಪರವಾಗಿವೆ, ನಾನು ಕೂತರೆ ಯಾರೂ ಕೇಳುವುದಿಲ್ಲ. ಆದರೆ ನಿನ್ನ ನಿಕಾಹ್ ಸುಳ್ಳಿನ ಮೇಲೆ ನಿಲ್ಲುತ್ತದೆ. ಅಷ್ಟು ದೊಡ್ಡ ಕಳ್ಳತನ ನನ್ನಿಂದಾಗದು.

ನಿನ್ನೆ ಕಾಲಿಯಾಂಡಕ್ಕೆ ಹೋಗಿ ಅವನಿಗೆ ಎಲ್ಲ ಹೇಳಿದೆ. ಬಹಳ ಹೊತ್ತು ಕೂರು ಎನ್ನಲಿಲ್ಲ. ಆಮೇಲೆ ಕೇಳಿದ, "ಹುಡುಗಿ ಯಾರ್ ಹಾಗಿದ್ದಾಳೆ?"

"ನಕ್ಕರೆ ಜಲಿಲನೇ."

ಮುಖ ಒರೆಸಿಕೊಂಡು ಅಂದ, "ಬರ್ತೀನಿ. ನಿನಗೋಸ್ಕರ ಅಲ್ಲ."

ಕಾಗದಪತ್ರ ತಿದ್ದಿಸುವ ಓಡಾಟ ನನಗಿರಲಿ. ನಿಕಾಹ್ ದಿನ ಎಲ್ಲರೆದುರು ವಹಿದೀನ್ ನಿನ್ನ ಹೆಸರನ್ನು 'ಜಲಿಲನ ಮಗಳು ರುಸ್ಮಿನಾ' ಎಂದು ಗಟ್ಟಿಯಾಗಿ ಹೇಳಬೇಕು. ಅಲ್ಲೇ ಮೊದಲ ಸಲ ಕೇಳಿ ನೀನು ಬೆಚ್ಚಬಾರದೆಂದು ಈಗಲೇ ಬರೆದೆ. ಆ ಮಾತು ಬಂದಾಗ ತಲೆ ಎತ್ತಿ ನನ್ನನ್ನು ಹುಡುಕಬೇಡ ಮಗಳೇ. ನೀನು ನೋಡಿದರೆ ನಾನು 'ನನ್ನವಳು' ಎಂದುಬಿಡುತ್ತೇನೆ.