ಹತ್ತನೇ ಸೈನ್ಯ ಬಿಟ್ಟುಹೋದ ಗುಡ್ಡ

ಡಾಬಕಾ, ತಾ. ಔರಾದ
31 ಮಾರ್ಚ್ 2025, ರಮಜಾನ್ ಹಬ್ಬದ ಸಂಜೆ

ಪ್ರೀತಿಯ ಮಗಳು ಸಪನಾಗೆ ನಿನ್ನ ಅಪ್ಪನ ಜೈಭೀಮ.

ನೀನು ಫೋನು ಎತ್ತುವುದಿಲ್ಲ, ಅದಕ್ಕೇ ಈ ಪತ್ರ. ನಿನಗೆ ಗೊತ್ತಿರುವುದನ್ನೂ ಮೊದಲಿನಿಂದ ಹೇಳುತ್ತೇನೆ. ಕಥೆಯನ್ನು ನಡುವಿನಿಂದ ಹೇಳಲು ನನಗೆ ಬರುವುದಿಲ್ಲ.

ಈ ಕಥೆ ಮೊದಲು ಹೇಳಿದವನು ನಿನ್ನ ಅಜ್ಜ, ನನ್ನ ಅಪ್ಪ ಧೂಳಪ್ಪ, 1946ರಲ್ಲಿ. ಇಟಲಿಯ ಯುದ್ಧ ಮುಗಿಸಿ ಬಂದವನು ಊರಿಗೆ ಬರುವ ಮೊದಲು ಭಾಲ್ಕಿಯಲ್ಲಿ ರೈಲು ಇಳಿದು, ಗೆಳೆಯ ದಸ್ತಗೀರನ ಮನೆಯ ಅಂಗಳದಲ್ಲಿ ಕೂತು ಹೇಳಿದ. ಕೇಳಿದವರಲ್ಲಿ ದಸ್ತಗೀರನ ಮೂರು ವರ್ಷದ ಮಗಳೂ ಇದ್ದಳು. ಅವಳೇ ನಮ್ಮ ಮರಿಯಮಬೀ ಆಪಾ.

ಅಜ್ಜ ಮತ್ತು ದಸ್ತಗೀರ ಹೇಸರಗತ್ತೆಗಳ ಪಲಟನ್ನಿನಲ್ಲಿದ್ದರು. ಲಾರಿ ಹತ್ತದ ಗುಡ್ಡಗಳಿಗೆ ರೊಟ್ಟಿ, ನೀರು, ಗುಂಡು ಸಾಗಿಸುವ ಕೆಲಸ. ಎದುರಿಗೆ ಜರ್ಮನರ ಹತ್ತನೇ ಸೈನ್ಯ. ಒಂದು ಗುಡ್ಡದಲ್ಲಿ ನೆಲದೊಳಗೆ ಹುಗಿದಿದ್ದ ಬಾಂಬು ಸಿಡಿದು ದಸ್ತಗೀರನ ಕಾಲು ಹೋಯಿತು. ಧೂಳಪ್ಪನ ತೊಡೆಯ ಮೇಲೆ ತಲೆಯಿಟ್ಟು, ಒಂದು ಗುಟುಕು ನೀರು ಕುಡಿದು ಜೀವ ಬಿಟ್ಟ. ಆಮೇಲೆ ಜರ್ಮನರು ಮುತ್ತಿದರು, ಅಜ್ಜ ಒಬ್ಬನೇ ಇಳಿದು ಬಂದ.

ಅಜ್ಜನ ನಂತರ ಪ್ರತಿ ರಮಜಾನಿಗೆ ಭಾಲ್ಕಿಗೆ ಹೋಗಿ, ಹಬ್ಬದ ಹಾಲು-ಶಾವಿಗೆಯ ಸುರಕುಂಬಾ ಕುಡಿದು, ಇದನ್ನು ಹೇಳುವುದು ನನ್ನ ಪಾಲಿಗೆ ಬಂತು. ನೀನೂ ಬರುತ್ತಿದ್ದೆ. ಆಪಾ ನಗುತ್ತಿದ್ದಳು, ಏನ್ ತಮ್ಮಾ, ವರ್ಷಾ ವರ್ಷಾ ಜರ್ಮನ್ನರು ಹೆಚ್ಚಾಗ್ಲಿಕತ್ಯಾರಲ್ಲ, ಇವ್ರನ್ನೆಲ್ಲಾ ಎಲ್ಲಿ ಕುಂಡರಸ್ಲಿ ಅಂತ.

ಎರಡು ವರ್ಷದ ಹಿಂದೆ ನೀನು ಬೀದರಿನ ಕಾಲೇಜಿನಿಂದ ಆ ಹತ್ತನೇ ಸೈನ್ಯದ ಇತಿಹಾಸದ ಪುಸ್ತಕ ತಂದೆ. ಆ ಸೈನ್ಯದ ಯುದ್ಧವೆಲ್ಲ ಹಿಂದೆ ಸರಿಯುವ ಯುದ್ಧ, ನದಿಯಿಂದ ನದಿಗೆ, ಗುಡ್ಡದಿಂದ ಗುಡ್ಡಕ್ಕೆ. ಹೋಗುವಾಗ ದಾರಿಯಲ್ಲಿ ಬಾಂಬು ಹುಗಿದು, ನಾಲ್ಕು ಜನರನ್ನು ಗುಂಡು ಹಾರಿಸಲು ಬಿಟ್ಟು ಹೋಗುತ್ತಿದ್ದರು, ಇಡೀ ಸೈನ್ಯವೇ ಅಲ್ಲಿದೆ ಅನ್ನಿಸಲಿ ಅಂತ. ಆ ತಾರೀಖಿಗೆ ಆ ಗುಡ್ಡ ಖಾಲಿಯಾಗಿತ್ತು ಅಪ್ಪಾ, ಯಾರೂ ಮುತ್ತಲಿಲ್ಲ ಅಂದೆ. ನಿನ್ನ ಪುಸ್ತಕ ಗುಡ್ಡ ಹತ್ತಿತ್ತೇನು ಅಂತ ನಾನು ಕೂಗಾಡಿದೆ. ನೀನು ಚೀಲ ಎತ್ತಿಕೊಂಡು ಬಸ್ಸು ಹತ್ತಿದೆ.

ಸಪನಾ, ನನಗೆ ಗೊತ್ತಿತ್ತು. ಬೀದರಿನ ದವಾಖಾನೆಯಲ್ಲಿ ಸಾಯುವ ಒಂದು ವಾರ ಮುಂಚೆ ಅಜ್ಜ ನನಗೊಬ್ಬನಿಗೇ ಹೇಳಿದ್ದ. ತೊಡೆಯೂ ಇಲ್ಲ, ನೀರೂ ಇಲ್ಲ. ಗುಂಡಿನ ಸದ್ದು ಕೇಳಿ, ಜೀವ ಇದ್ದ ದಸ್ತಗೀರನನ್ನು ಅಲ್ಲೇ ಬಿಟ್ಟು ಹೇಸರಗತ್ತೆಗಳನ್ನು ಹೊಡೆದುಕೊಂಡು ಇಳಿದ. ಬೆಳಿಗ್ಗೆ ನಮ್ಮವರು ಹತ್ತಿದಾಗ ದಸ್ತಗೀರ ತಣ್ಣಗಾಗಿದ್ದ. ಮೇಲೆ ಒಬ್ಬ ಜರ್ಮನನೂ ಇರಲಿಲ್ಲ.

ನೀನು ಹೋದಮೇಲೆ ಮಾತಿಗೆ ಜನ ಸಿಗಲಿ ಅಂತ ಕಿರಾಣಿ ಅಂಗಡಿಗೆ ಹೋಗಿ ಉಪ್ಪು ತರುತ್ತೇನೆ. ಮನೆಯಲ್ಲಿ ಈಗ ಒಂಬತ್ತು ಪುಡಿಕೆ ಉಪ್ಪಿದೆ.

ಇಂದು ಭಾಲ್ಕಿಗೆ ಹೋಗಿ ಆಪಾಗೆ ನಿಜ ಹೇಳಿಬಿಟ್ಟೆ. ಎಂಬತ್ತೆರಡು ವರ್ಷದವಳು, ಇನ್ನೊಂದು ರಮಜಾನಿಗೆ ಇರುತ್ತಾಳೋ ಇಲ್ಲವೋ. ಬಿಟ್ಟು ಬರುವಾಗ ನಿಮ್ಮಪ್ಪನಿಗೆ ಎಚ್ಚರ ಇರಲಿಲ್ಲ ಅಂತಲೂ ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಅವಳ ಮಗ ಅಬ್ದುಲ ಸಮದ ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟ. ಮತ್ತ ಬರ್ರಿ ಮಾಮಾ ಅಂತ ಅನ್ನಲಿಲ್ಲ.

ನೀನು ಹೇಳಿದ್ದೇ ಸರಿ. ಇಷ್ಟು ಬರೆಯಲು ಎರಡು ವರ್ಷ ಹಿಡಿಯಿತು.

ನಿನ್ನ ಅಪ್ಪ,
ನಾಗಸೇನ

ತಾ.ಕ.: ಏಪ್ರಿಲ್ 1, ಮುಂಜಾನೆ. ಪತ್ರ ಡಬ್ಬಿಗೆ ಹಾಕುವ ಮುಂಚೆಯೇ ತಾಯಿ ಮಗ ಮೊದಲ ಬಸ್ಸಿಗೆ ಇಲ್ಲಿಗೆ ಬಂದಿದ್ದಾರೆ. ನಾನು ಬಾಗಿಲು ತೆಗೆದಿಲ್ಲ. ಆಪಾ ಕಟ್ಟೆಯ ಮೇಲೆ ಕೂತು ಹೊರಗಿನಿಂದಲೇ ಕೇಳುತ್ತಿದ್ದಾಳೆ, ಎಚ್ಚರ ಇರ್ಲಿಲ್ಲ ಅಂತ ನಿಮ್ಮಪ್ಪ ಹೇಳಿದ್ನೋ, ನೀ ಹೇಳ್ಲಿಕತ್ತೀಯೋ ತಮ್ಮಾ ಅಂತ. ಸಮದ ಮನಿಗಿ ಹೋಗೂಣು ನಡಿ ಅಮ್ಮಾ ಅಂದರೆ ಅವನನ್ನೇ ಗದರುತ್ತಾಳೆ. ಎಚ್ಚರ ಇರಲಿಲ್ಲ ಅಂತ ನಾನು ಹೇಳಿದ್ದು ಸುಳ್ಳು, ಸಪನಾ. ದಸ್ತಗೀರ ಧೂಳ್ಯಾ, ಧೂಳ್ಯಾ ಅಂತ ಕೂಗುತ್ತಿದ್ದುದು ಕೆಳಗಿನ ಹಳ್ಳ ದಾಟುವವರೆಗೂ ಅಜ್ಜನಿಗೆ ಕೇಳಿಸಿತ್ತು. ಪೆನ್ನು ಇಟ್ಟು ಚಿಲಕ ತೆಗೆಯಲು ಏಳುತ್ತಿದ್ದೇನೆ.